ಡಕೋಟಾ ನಕ್ಷೆಗೆ ಬಿದ್ದ ಹನಿ

ವಾತ್ಸ್ಲಾವ್ ಹೊತ್ತಲ್ಲದ ಹೊತ್ತಿನಲ್ಲಿ ಸೀನಿದ್ದೇ ಎಲ್ಲಕ್ಕೂ ಮೂಲ. ಷಿಕಾಗೋದ ರೈಲು ಕಂಪನಿಯಲ್ಲಿ ಅವನು ನಕ್ಷೆ ಬರೆಯುತ್ತಿದ್ದ. ಡಕೋಟಾದ ಹೊಸ ಹಳಿ ಎಳೆಯುವಾಗ ಸೀನಿದ. ಬರೀ ಹುಲ್ಲುಗಾವಲಿದ್ದ ಕಡೆ ನೀಲಿ ಶಾಯಿಯ ದೊಡ್ಡ ಹನಿ ಬಿತ್ತು. ಸಾಹೇಬರಿಗೆ ಗೊತ್ತಾದರೆ ಕೆಲಸ ಹೋದಂತೆಯೇ. ಹನಿಯ ಸುತ್ತ ಗೆರೆ ಎಳೆದು ಸರೋವರ ಮಾಡಿದ. ನೀರಿದ್ದ ಮೇಲೆ ಊರು ಬೇಡವೇ ಎಂದು ಪಕ್ಕದಲ್ಲೊಂದು ಚರ್ಚನ್ನೂ ನಿಲ್ಲಿಸಿದ. ಪಾಪ, ಕೆಟ್ಟ ಬುದ್ಧಿಯೇನೂ ಇರಲಿಲ್ಲ.

ಹಳಿಯ ಅಕ್ಕಪಕ್ಕದ ಜಾಗ ಮಾರಲು ಕಂಪನಿ ಅಚ್ಚು ಹಾಕಿಸಿದ ಆ ನಕ್ಷೆ ಬೀದಿಗೋಡೆಗೂ ಜನರ ಕೈಗೂ ಏರಿದ ಬೆಳಿಗ್ಗೆ, ಪಕ್ಕದ ಮನೆಯ ಪ್ರೊಕೋಪ್ ಮೀನಿನ ಬಲೆ ಹೊತ್ತು ಎದುರಾದ.

“ಬೇಕರಿ ಮಾರಿಬಿಟ್ಟೆ ಕಣಯ್ಯ! ಇವತ್ತೇ ಸರೋವರದ ದಂಡೇಲಿ ಜಾಗ ಬರೆಸ್ಕೋತೀನಿ.”

ವಾತ್ಸ್ಲಾವ್ ಅವನ ಬಲೆ ಹಿಡಿದು ನಿಲ್ಲಿಸಿದ. ಪ್ರೊಕೋಪ್ ಯುರೋಪಿನ ಬೊಹಿಮಿಯಾದಿಂದ ಬರಿಗೈಯಲ್ಲಿ ಬಂದು, ಬೆವರು ಸುರಿಸಿ ಕಟ್ಟಿದ ಬೇಕರಿ ಅದು.

“ಬೇಡ ಮಾರಾಯ, ಅಲ್ಲಿ ವಿಪರೀತ ಚಳಿ!”

“ಮೀನು ಕೆಡಲ್ಲ ಬಿಡು.”

“ಮಿಡತೆ ಹಿಂಡುಹಿಂಡಾಗಿ ಬರುತ್ತೆ!”

“ಗಾಳಕ್ಕಾಯ್ತು!”

ಅಷ್ಟರಲ್ಲಿ ಬೀದಿಯವರೆಲ್ಲ ಸೇರಿದರು. ಎಲ್ಲರ ಕೈಯಲ್ಲೂ ನಕ್ಷೆ, ಎಲ್ಲರ ಬೆರಳೂ ಆ ಹನಿಯ ಮೇಲೆ. ಇಷ್ಟು ಜನ ಹಾಳಾಗುವುದನ್ನು ನೋಡಲಾರದೆ, ಕೆಲಸ ಹೋದರೆ ಹೋಗಲಿ ಎಂದು ವಾತ್ಸ್ಲಾವ್ ಕೂಗಿಬಿಟ್ಟ: “ಅಲ್ಲಿ ನೀರೇ ಇಲ್ಲ ಕಣ್ರೋ! ಅದು ನಾನು ಚೆಲ್ಲಿದ ಶಾಯಿ!”

ಎದುರುಮನೆಯ ವಿಧವೆ ರೋಜಿನಾ ಸೊಂಟಕ್ಕೆ ಕೈಕೊಟ್ಟಳು.

“ನೋಡಿದ್ರಾ! ನಕ್ಷೆ ಬರೆದವನೇ ಇಷ್ಟು ಒದ್ದಾಡ್ತಾನೆ ಅಂದ್ರೆ ಆ ಜಾಗ ಇನ್ನೆಂಥದಿರಬೇಕು! ತಾನೊಬ್ಬನೇ ನುಂಗೋ ಹುನ್ನಾರ!”

ಎಲ್ಲರೂ ಕಂಪನಿಯ ಕಚೇರಿಗೆ ಓಡಿದರು. ವಾತ್ಸ್ಲಾವ್ ಬಾಗಿಲಲ್ಲಿ ನಿಂತು ಗಂಟಲು ಹರಿಯುವಂತೆ ಕೂಗಿದ. ಕೂಗಿದಷ್ಟೂ ಸಾಲು ಬೆಳೆಯಿತು. ಸಂಜೆ ಹೊತ್ತಿಗೆ ದಂಡೆಯ ಜಾಗವೆಲ್ಲ ಮಾರಿಹೋಗಿತ್ತು.

ಸೋತು ಮನೆಗೆ ಬಂದರೆ ಒಲೆ ಇಲ್ಲ, ಹೊಲಿಗೆ ಯಂತ್ರವಿಲ್ಲ, ಮಂಚವಿಲ್ಲ. ಹೆಂಡತಿ ಲುದ್ಮಿಲಾ ಉಳಿದ ಒಂದೇ ಪೆಟ್ಟಿಗೆಯ ಮೇಲೆ ನಗುನಗುತ್ತ ಕೂತಿದ್ದಳು.

“ಬೆಳಿಗ್ಗೆಯಿಂದ ಊರವರನ್ನೆಲ್ಲ ತಡೀತಿದ್ದಿರಂತೆ. ನಮಗೋಸ್ಕರ ಅಂತ ನನಗೆ ಆಗಲೇ ಹೊಳೀತು ರೀ. ಸಾಮಾನೆಲ್ಲ ಮಾರಿ, ಕಚೇರಿಯ ಹಿಂಬಾಗಿಲಿಂದ ಹೋಗಿ ಎಲ್ಲರಿಗಿಂತ ಮೊದಲು ನೀರಿನೆದುರಿಗೇ ಜಾಗ ತಗೊಂಡೆ!”

ವಾತ್ಸ್ಲಾವ್ ಅವಳೆದುರು ಬರೀ ನೆಲದ ಮೇಲೆ ಕೂತ. “ಲುದ್ಮಿಲಾ, ಅದು ನಿಜವಾಗಿಯೂ ಶಾಯಿ ಕಣೇ.”

ಅವಳು ಎದ್ದು ಬಾಗಿಲು ಹಾಕಿ ಬಂದು, ಅವನ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದಳು:

“ಈಗ ಯಾರೂ ಇಲ್ಲ. ನನ್ನ ಹತ್ರನಾದ್ರೂ ನಿಜ ಹೇಳಿ.”