ಹಡಗಿನ ನಡುಕ ಮನೆಗೆ ಬಂದು ತಂಗಿರುವ ಕುರಿತು

ಇಂದ:
ಅರ್ಜಿ ಬರೆದುಕೊಡುವ ಅಂಗಡಿಯವಳು
(ತಮ್ಮ ದೊಡ್ಡ ಸರಕು ಹಡಗಿನ ಮೊದಲ ಅಧಿಕಾರಿಯ ಹೆಂಡತಿ),
ಟೈಲರಕ್ಕನ ಮನೆಯ ಕೆಳಗಿನ ಮನೆ.

ಗೆ:
ಮುಖ್ಯಸ್ಥರು,
ಹಡಗು ರಿಪೇರಿ ವಿಭಾಗ,
ಕಂಪನಿಯ ದಡದ ಕಚೇರಿ.

ವಿಷಯ: ಅರ್ಜಿದಾರಳ ಗಂಡನಿಗೆ ತಾವು ಕೊಟ್ಟಿರುವ "ಗಮನಿಸುತ್ತಿರಿ" ಎಂಬ ಆದೇಶವನ್ನು ಹಿಂಪಡೆಯುವ ಬಗ್ಗೆ.

ಉಲ್ಲೇಖ: 1. ಡೆಕ್ಕಿನ ಬಿರುಕಿನ ವರದಿಗೆ ತಾವು ಬರೆದ ಒಂದು ಸಾಲಿನ ಉತ್ತರ.
2. ರಜೆ ಮುಗಿದ ಕೂಡಲೇ ಅದೇ ಹಡಗಿಗೆ ಹಾಜರಾಗುವಂತೆ ಅವರಿಗೆ ಬಂದ ಪತ್ರ.
3. ಅತ್ತೆಯವರ ಮೌಖಿಕ ಆದೇಶ: "ಊರಿಗೆಲ್ಲ ಅರ್ಜಿ ಬರೀತೀಯ. ಕಟ್ಟಿಕೊಂಡವನಿಗೊಂದು ಬರಿ."

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರಳು ಕಂಡವರ ಕಷ್ಟವನ್ನು ಟೈಪು ಮಾಡಿಯೇ ಹೊಟ್ಟೆ ಹೊರೆಯುವವಳಾದ ಕಾರಣ, ತನ್ನ ಕಷ್ಟವನ್ನೂ ಅದೇ ನಮೂನೆಯಲ್ಲಿ ನಿವೇದಿಸಿಕೊಂಡಿದ್ದಾಳೆ.

1. ಸದರಿ ಗಂಡನು ಹಡಗಿನಲ್ಲಿ ಸರಕು ಎಲ್ಲೆಲ್ಲಿ ಎಷ್ಟೆಷ್ಟು ತುಂಬಬೇಕೆಂದು ನಿರ್ಧರಿಸುವ ಅಧಿಕಾರಿ. ಎರಡು ತುದಿಗೂ ಭಾರ ಹೇರಿ ನಡುವೆ ಖಾಲಿ ಬಿಟ್ಟರೆ ಹಡಗಿನ ಬೆನ್ನು ಉಬ್ಬುತ್ತದಂತೆ, ನಡುವೆಯೇ ಹೇರಿದರೆ ಹೊಟ್ಟೆ ಜೋತುಬೀಳುತ್ತದಂತೆ. ಈ ಸಲ ರಜೆಗೆ ಬಂದವರು ಕೈಕಾಲು ತೊಳೆಯುವ ಮೊದಲೇ ಮನೆಯನ್ನು ಈ ಕಣ್ಣಿನಿಂದ ನೋಡಿದರು. ಫ್ರಿಜ್ಜು ಹಿಂದಿನ ಗೋಡೆಗೆ, ಕಪಾಟು ಮುಂದಿನ ಗೋಡೆಗೆ ಹೋಯಿತು. ನಡು ಹಗುರವಾಯಿತೆಂದು ಅತ್ತೆಯವರ ಮಂಚವನ್ನು ನಡುಮನೆಗೆ ಎಳೆದರು.

ಅತ್ತೆಯವರು ಮಂಚದ ಮೇಲೆ ಕೂತೇ ಬಂದರು. "ನಾನೇನು ಸರಕೇನೋ?" ಎಂದರು.

"ಅಲ್ಲಮ್ಮ. ನೀನು ಸಮತೋಲನ."

"ಸಂಜೆ ಜನ ಬಂದ್ರೆ ಎಲ್ಲಿ ಕೂರ್ತಾರೆ? ಸಮತೋಲನದ ಮೇಲಾ?"

ಆದ್ದರಿಂದ ಅಂದಿನಿಂದ ಮನೆಗೆ ಬಂದವರೆಲ್ಲ ಅತ್ತೆಯವರ ಕಾಲ ಬಳಿ ಕೂತು ಮಾತಾಡಿ ಹೋಗುತ್ತಿದ್ದಾರೆ. ಇದರಿಂದ ಅತ್ತೆಯವರ ಗತ್ತು ಹೆಚ್ಚಿದೆ. ಈ ಬಾಬ್ತಿನಲ್ಲಿ ದೂರಿಲ್ಲ.

2. ಊಟದ ಮೇಜಿನ ಮೇಲೆ ಒಂದು ಲೋಟ ನೀರು ಸದಾ ಇರುತ್ತದೆ. ಅದನ್ನು ಯಾರೂ ಕುಡಿಯಕೂಡದು. ನೀರಿನಲ್ಲಿ ಉಂಗುರ ಎದ್ದರೆ ಮನೆ ನಡುಗುತ್ತಿದೆ ಎಂದರ್ಥ. ಒಂದು ಮಧ್ಯಾಹ್ನ ಉಂಗುರ ಎದ್ದಿತು. ಗಂಡನು ಅನ್ನದ ಕೈಯಲ್ಲೇ ಮೆಟ್ಟಿಲು ಹತ್ತಿದರು. ಮೇಲೆ ಟೈಲರಕ್ಕ ಹೊಲಿಗೆ ಯಂತ್ರದ ಮುಂದೆ ಕೂತಿದ್ದರು. ಬೆನ್ನಿಗೇ ಹತ್ತಿದ ಅರ್ಜಿದಾರಳು ಬಾಗಿಲಲ್ಲಿ ನಿಂತು ಕೇಳಿದ ಮಾತು ಹೀಗಿದೆ:

"ಅಕ್ಕ, ನಿಮ್ಮ ಮಿಷನ್ನಿನ ತಾಳಕ್ಕೆ ನೆಲವೂ ತಾಳ ಹಾಕ್ತಿದೆ. ಸ್ವಲ್ಪ ನಿಧಾನ ಮಾಡಿ. ಇಲ್ಲಾ ಜೋರು ಮಾಡಿ. ಇದೊಂದು ವೇಗ ಬೇಡ."

"ನಿಧಾನ ಮಾಡಿದ್ರೆ ಬ್ಲೌಸು ನಿಮ್ಮ ಮನೆಯವಳದ್ದೇ ತಡ ಆಗೋದು."

"ಹಾಗಾದ್ರೆ ಜೋರು ಮಾಡಿ."

ಟೈಲರಕ್ಕ ಜೋರು ಮಾಡಿದರು. ಲೋಟದ ಉಂಗುರ ನಿಂತಿತು. ಬ್ಲೌಸು ಬೇಗ ಬಂತು, ತೋಳು ಮಾತ್ರ ಒಂದಕ್ಕಿಂತ ಒಂದು ಗಿಡ್ಡ. ಅದನ್ನು ಅರ್ಜಿದಾರಳು ಸೆರಗು ಹೊದ್ದು ನಿಭಾಯಿಸುತ್ತಿದ್ದಾಳೆ.

3. ಅಡುಗೆಮನೆಯ ಗೋಡೆಯಲ್ಲಿ ಕಿಟಕಿಯ ಮೂಲೆಯಿಂದ ಒಂದು ಕೂದಲೆಳೆಯ ಬಿರುಕಿದೆ. ಮದುವೆಯಾಗಿ ಬಂದಾಗಲೂ ಇತ್ತು. ಗಂಡನು ಅದರ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು, ಪಕ್ಕದಲ್ಲಿ ತಾರೀಖು ಹಾಕಿ, ದಿನಾ ಬೆಳಿಗ್ಗೆ ಗೋಡೆಗೆ ಅಂಗೈ ಒತ್ತಿ ನಿಲ್ಲುತ್ತಾರೆ. ಸುಣ್ಣ ಹೊಡೆಯುವವನು ಬಂದಾಗ, "ಈ ಗೋಡೆ ಮುಟ್ಟಬೇಡ, ಗಮನಿಸ್ತಾ ಇದ್ದೀನಿ" ಎಂದು ಹೊರಗೆ ಕಳಿಸಿದರು.

ಅಂಗೈ ಒತ್ತಿದಾಗ ಅವರ ಮುಖ ಹೇಗಿರುತ್ತದೆ ಎಂಬುದನ್ನು ಬರೆಯಲು ಈ ನಮೂನೆಯಲ್ಲಿ ಕಲಂ ಇಲ್ಲ.

4. ಕಾರಣ, ಅರ್ಜಿದಾರಳು ಅಂಗಡಿಗೆ ಬೀಗ ಹಾಕಿ ಬಂದು ಕೇಳಿಯೇಬಿಟ್ಟಳು. "ರೀ, ಹಡಗಲ್ಲಿ ಏನಾಯ್ತು?"

ಅವರು ಅರ್ಜಿದಾರಳ ಚೀಲದಿಂದ ಉದ್ದನೆಯ ಉಕ್ಕಿನ ಸ್ಕೇಲು ತೆಗೆದು, ಅರ್ಧ ಮೇಜಿನ ಹೊರಗಿರುವಂತೆ ಒತ್ತಿ ಹಿಡಿದು, ತುದಿಯನ್ನು ಬೆರಳಿನಿಂದ ಮೀಟಿದರು. ಅದು ಟರ್ರೆಂದು ನಡುಗಿತು.

"ದೊಡ್ಡ ಅಲೆ ಹಡಗಿನ ಮೂತಿಗೆ ಅಪ್ಪಳಿಸಿದ್ರೆ ಹೀಗೆ, ಕಣೇ. ಈ ತುದಿಯಿಂದ ಆ ತುದಿವರೆಗೆ."

"ನಿಲ್ಲುತ್ತಲ್ಲ?"

"ನಿಲ್ಲುತ್ತೆ. ನಿಲ್ಲೋದ್ರೊಳಗೆ ಇನ್ನೊಂದು ಬರುತ್ತೆ. ಅಷ್ಟುದ್ದದ ಹಡಗು ಬಾಗಲೇಬೇಕು, ಬಾಗದೆ ಸೆಟೆದು ನಿಂತ್ರೆ ಮುರಿಯುತ್ತೆ. ಅದಕ್ಕೆ ನಂಗೆ ಭಯ ಇಲ್ಲ."

"ಮತ್ತೆ ಯಾವುದಕ್ಕೆ?"

ಸರಕು ಒಳಗಿಳಿಸುವ ಕಂಡಿಯ ಮೂಲೆಯಲ್ಲಿ, ಡೆಕ್ಕಿನ ಉಕ್ಕು ಕೂದಲಷ್ಟು ಸೀಳಿತ್ತಂತೆ. ಅದು ಮುಂದಕ್ಕೆ ಓಡದಿರಲೆಂದು ತುದಿಗೆ ತೂತು ಕೊರೆದರಂತೆ. ಕ್ಯಾಪ್ಟನ್ನರು ತಮಗೆ ವರದಿ ಕಳಿಸಿದರಂತೆ. ತಮ್ಮಿಂದ "ಗಮನಿಸುತ್ತಿರಿ" ಎಂದು ಉತ್ತರ ಬಂತಂತೆ. ಆಮೇಲೆ ಬಿರುಕು ತೂತನ್ನೂ ದಾಟಿತಂತೆ. ಮತ್ತೆ ವರದಿ ಹೋಯಿತು. ಅದಕ್ಕೆ ಉತ್ತರವೇ ಇಲ್ಲ.

"ನನ್ನ ಕೈಕೆಳಗಿನ ಇಪ್ಪತ್ತು ಜನ ಆ ಹಡಗಲ್ಲಿ ಮಲಗ್ತಾರೆ" ಎಂದರು. "ನಾನು ಕಣ್ಣು ಮುಚ್ಚಿದಾಗ ಗಮನಿಸೋರು ಯಾರು?"

ನಡುಮನೆಯಿಂದ ಅತ್ತೆಯವರು ಕೂಗಿ ಹೇಳಿದರು: "ಹೋಗಬೇಡ ಬಿಡೋ."

"ನಾನು ಹೋಗದೇ ಇದ್ರೆ ಇನ್ನೊಬ್ಬ ಹೋಗ್ತಾನಮ್ಮ. ಅವನಿಗೆ ಬಿರುಕು ಎಲ್ಲಿದೆ ಅಂತಲೂ ಗೊತ್ತಿರಲ್ಲ."

ಅತ್ತೆಯವರು ತಾವೇ ಮಂಚದಿಂದ ಇಳಿದು ಬಂದು, ಅರ್ಜಿದಾರಳಿಗೆ ಉಲ್ಲೇಖ 3ರ ಆದೇಶ ಹೊರಡಿಸಿದರು. ಇದು ಈ ಮನೆಯಲ್ಲಿ ಅಪರೂಪದ ಸಂಗತಿಯೆಂದು ದಯವಿಟ್ಟು ಗಮನಿಸುವುದು.

5. ಹೀಗೆ ಸದರಿ ಗಂಡನಿಗೆ ಹುಚ್ಚಿಲ್ಲ, ರೋಗವಿಲ್ಲ, ಅವರು ತಮ್ಮ ಆದೇಶವನ್ನು ಪಾಲಿಸುತ್ತಿದ್ದಾರೆ ಅಷ್ಟೇ. ಗಮನಿಸಿರಿ ಎಂದ ತಾವು, ಸಾಕು ಎನ್ನಲು ಮರೆತಿದ್ದೀರಿ. ಆದ ಕಾರಣ ಅವರು ಸಿಕ್ಕಿದ್ದನ್ನೆಲ್ಲ ಗಮನಿಸುತ್ತಿದ್ದಾರೆ.

ಆದ್ದರಿಂದ ಕೋರಿಕೆ:

ಅ) ಹಡಗು ಈಗ ಬಂದರಿನಲ್ಲೇ ನಿಂತಿರುವುದರಿಂದ, ಅದು ಹೊರಡುವ ಮುನ್ನ ಸದರಿ ಬಿರುಕಿನ ಉಕ್ಕನ್ನು ಕತ್ತರಿಸಿ, ಹೊಸ ತಗಡು ಬೆಸೆದು, ತಪಾಸಣೆಯವರ ಸಹಿ ಹಾಕಿಸಿ, ಪ್ರತಿಯನ್ನು ಈ ವಿಳಾಸಕ್ಕೆ ಕಳಿಸಬೇಕು. ಅದು ಕೈಸೇರಿದ ದಿನವೇ ಅರ್ಜಿದಾರಳು ಗಂಡನ ಪೆಟ್ಟಿಗೆಯನ್ನು ತಾನೇ ಕಟ್ಟಿಕೊಡುವಳು.

ಆ) ಬಿರುಕು ಅಷ್ಟೇನೂ ದೊಡ್ಡದಲ್ಲವೆಂದು ತಮಗೆ ಕಂಡುಬಂದಲ್ಲಿ, "ಗಮನಿಸುತ್ತಿರಿ" ಎಂದು ಸಹಿ ಮಾಡಿದವರೇ ಒಂದು ಪ್ರಯಾಣ ಹೋಗಿ ಗಮನಿಸಿ ಬರಬೇಕು. ಅಲ್ಲಿಯವರೆಗೆ ಅವರ ಕುರ್ಚಿಯಲ್ಲಿ ಸದರಿ ಗಂಡನನ್ನು ಕೂರಿಸಬಹುದು. ಕಚೇರಿಯ ಮೇಜುಗಳ ಜಾಗ ಬದಲಾದರೆ ಅರ್ಜಿದಾರಳು ಹೊಣೆಯಲ್ಲ.

ಇ) ಎರಡರಲ್ಲಿ ಯಾವುದೆಂದು ಬೇಗ ತಿಳಿಸಬೇಕು. ಹಡಗು ಸರಿಯಾಗುವವರೆಗೆ ಅಡುಗೆಮನೆಯ ಗೋಡೆಯನ್ನು ಯಾರಿಗೂ ಮುಟ್ಟಗೊಡುವುದಿಲ್ಲವೆಂದು ಗಂಡನು ಹಟ ಹಿಡಿದಿರುವ ಕಾರಣ, ಸುಣ್ಣ ಹೊಡೆಯುವವನು ಬಕೆಟ್ಟು ಸಮೇತ ಜಗುಲಿಯ ಮೇಲೆ ಕೂತಿದ್ದಾನೆ.

ತಮ್ಮ ಉತ್ತರವನ್ನು ಗಮನಿಸುತ್ತಿರುವ ವಿಶ್ವಾಸಿ,
ಅರ್ಜಿದಾರಳು

ಅಡಕಗಳು:
1. ಉಕ್ಕಿನ ಸ್ಕೇಲು, ಒಂದು. ತಾವೇ ಮೇಜಿನ ಅಂಚಿಗೆ ಹಿಡಿದು ಮೀಟಿ ನೋಡುವುದು. ಅಂಗಡಿಯದಾದ್ದರಿಂದ ಹಿಂದಿರುಗಿಸುವುದು.
2. ಅತ್ತೆಯವರ ಹೆಬ್ಬೆಟ್ಟಿನ ಗುರುತು. ಸಹಿ ಬರುತ್ತದೆ, ಆದರೆ ಹೆಬ್ಬೆಟ್ಟು ಒತ್ತಿದರೇ ತೂಕ ಎಂದರು.

ಬಕೆಟ್ಟಿನ ಸುಣ್ಣ ಒಣಗುವ ಮುನ್ನ ಉತ್ತರ ದಯಪಾಲಿಸಬೇಕು.