ಇಪ್ಪತ್ತೆರಡು ಮುದ್ದೆಯ ಒಂಟಿ ಸಂಸಾರ

ಹನ್ನೊಂದೇ ಸಾಮಾನು! ಒಬ್ಬಳೇ ಇರುವ ಹೆಣ್ಣಿಗೆ ಬೇಕಾದದ್ದು ಹನ್ನೊಂದೇ ಹನ್ನೊಂದು ಸಾಮಾನು, ಹನ್ನೆರಡನೆಯದು ದಂಡ ಎಂದು ೧೯೬೬ರ ಜೂನ್ ತಿಂಗಳಲ್ಲಿ ನಮ್ಮ ಮನೆಯ ಜಗಲಿಯ ಮೇಲೆ ನಿಂತು ನಾನು ಘೋಷಿಸಿದೆ. ಕೈಯಲ್ಲಿ ಪಟ್ಟಿ ಇತ್ತು. ಎದುರಿಗೆ ಸಭೆಯೂ ಇತ್ತು. ಏಕೆಂದರೆ ಹನೂರಿನಾಚೆಯ ನಮ್ಮ ಮನೆಯಲ್ಲಿ ನನ್ನನ್ನೂ ಸೇರಿಸಿ ಇಪ್ಪತ್ತೆರಡು ಮಂದಿ, ಯಾರಾದರೂ ಜೋರಾಗಿ ಸೀನಿದರೂ ಅಲ್ಲೊಂದು ಸಭೆ ಸೇರುತ್ತಿತ್ತು.

ಕೊಳ್ಳೇಗಾಲದ ಶಾಲೆಯೊಂದರಲ್ಲಿ ನನಗೆ ಟೀಚರ್ ಕೆಲಸ ಸಿಕ್ಕಿತ್ತು. ಅಪ್ಪ ಸದಾಶಿವಪ್ಪನಿಗೆ ನನ್ನ ಕೆಲಸಕ್ಕಿಂತ ಯಳಂದೂರಿನ ಕೆಂಪನಂಜಪ್ಪನವರ ಮಗನ ಮೇಲೆ ಪ್ರೀತಿ.

"ನಾಕೇ ಜನ ಕಣವ್ವ ಅವರ ಮನೇಲಿ. ಚೊಕ್ಕ ಸಂಸಾರ. ಆರಾಮಾಗಿ ಇರಬೋದು."

"ನಾಕು ಜನವೂ ನಂಗೆ ಬ್ಯಾಡ! ಹುಟ್ಟಿದಾಗಿಂದ ಜನ ನೋಡಿ ನೋಡಿ ಕಣ್ಣು ನೋಯ್ತದೆ. ಒಬ್ಳೇ ಇರ್ತೀನಿ, ಒಬ್ಳೇ ಬೇಯಿಸ್ಕತೀನಿ, ಒಬ್ಳೇ ಉಣ್ತೀನಿ. ಪಕ್ಕದ ಮನೇರನ್ನ ಒಂದು ಬೆಂಕಿಕಡ್ಡಿ ಕೂಡ ಕೇಳಾಕಿಲ್ಲ. ಮಾದಪ್ಪನಾಣೆ!"

ಹೀಗೆ ಹೇಳಿ ಪಟ್ಟಿ ಓದಿದೆ. ತಪ್ಪಲೆ, ಸಾರಿನ ಪಾತ್ರೆ, ಮುದ್ದೆ ಕೋಲು, ಸೌಟು, ತಟ್ಟೆ, ಚೊಂಬು, ಈಳಿಗೆಮಣೆ, ಬಿಂದಿಗೆ, ಚಾಪೆ, ಕಂಬಳಿ, ಲಾಟೀನು. ಮುಗಿಯಿತು! ಬಟ್ಟೆಯ ಪೆಟ್ಟಿಗೆ ಮತ್ತು ತಿಂಗಳಿಗಾಗುವ ರಾಗಿಹಿಟ್ಟಿನ ಚೀಲ ಲೆಕ್ಕಕ್ಕಿಲ್ಲ.

"ಒರಳು?" ಎಂದಳು ಅವ್ವ ಸುವರ್ಣಮ್ಮ.

"ಬ್ಯಾಡ."

"ಕೂರಕ್ಕೆ ಒಂದು ಮಣೆ?"

"ನೆಲ ಇಲ್ವಾ?"

"ಸರಿ, ಆ ತಪ್ಪಲೆನಾದ್ರೂ ಬುಡು. ಅದು ಮನೆಮಂದಿಗೆಲ್ಲ ಮುದ್ದೆ ಮಾಡೋದು. ಒಸಿ ಚಿಕ್ಕದು ಕೊಡ್ತೀನಿ, ತಕಂಡೋಗು."

"ಚಿಕ್ಕದು ಹಿಡಿದು ನಂಗೆ ಅಭ್ಯಾಸ ಇಲ್ಲ. ನನ್ನ ಕೈಗೆ ಒಗ್ಗಿರೋದು ಇದೇ!"

ಇದರಲ್ಲಿ ಸುಳ್ಳಿಲ್ಲ. ಹದಿಮೂರನೆಯ ವಯಸ್ಸಿನಿಂದ ನಮ್ಮ ಮನೆಯ ಮುದ್ದೆಯ ಖಾತೆ ನನ್ನದು. ಸಾರು ಚಿಕ್ಕಮ್ಮನದು, ಒಲೆ ಅಜ್ಜಿಯದು. ನಾನು ಕೋಲು ಹಿಡಿದು ತಿರುವಿದೆನೆಂದರೆ ಒಂದು ಗಂಟಿಲ್ಲದ ಇಪ್ಪತ್ತೆರಡು ಮುದ್ದೆ ಸಾಲಾಗಿ ಕೂರುತ್ತಿದ್ದವು. ಮುದ್ದೆ ಗೊತ್ತಿದ್ದವಳಿಗೆ ಸಂಸಾರ ಯಾವ ಮಹಾ?

ಅಪ್ಪ ತೀರ್ಪು ಕೊಟ್ಟ. "ಹದಿನೈದು ದಿನ ಕೊಡ್ತೀನಿ. ಹದಿನೈದಾದ ಭಾನುವಾರ ಹನ್ನೊಂದು ಗಂಟೆ ಬಸ್ಸಿಗೆ ಬತ್ತೀನಿ. ನೀನು ಹೇಳ್ದಂಗೆ ಒಬ್ಳೇ ಬೇಯಿಸ್ಕಂಡು ಒಬ್ಳೇ ಉಣ್ತಿರ್ಬೇಕು. ಇನ್ನೊಬ್ಬರ ಮನೆ ಸಾಮಾನು ಒಂದು ಕಂಡ್ರೂ ಪೆಟ್ಟಿಗೆ ಕಟ್ಟು. ಸೀದಾ ಯಳಂದೂರು!"

"ಬಾ, ಬಂದು ನೋಡು!" ಎಂದೆ.

ಕೊಳ್ಳೇಗಾಲದಲ್ಲಿ ನನ್ನ ಸಾಮ್ರಾಜ್ಯವೆಂದರೆ ಪುಟ್ಟಮಲ್ಲಮ್ಮ ಎಂಬ ವಿಧವೆಯ ಮನೆಯ ಅರ್ಧ ಭಾಗ. ಒಂದು ಕೋಣೆ, ಒಂದು ಅಡುಗೆಮನೆ, ಹಿಂದೊಂದು ಹಿತ್ತಲು. ರೇಷ್ಮೆಗೂಡಿನಿಂದ ನೂಲು ತೆಗೆಯುವವರ ಬೀದಿ ಅದು. ಬೆಳಗಿನಿಂದ ಬೀದಿ ತುಂಬ ಕುದಿಯುವ ಗೂಡಿನ ವಾಸನೆ. ಭಾನುವಾರ ಮಧ್ಯಾಹ್ನ ಹನ್ನೊಂದು ಸಾಮಾನನ್ನೂ ಇಳಿಸಿ, ಬಾಗಿಲು ಮುಂದಕ್ಕೆ ಎಳೆದು, ಕೋಣೆಯ ನಡುವೆ ನಿಂತು ಸುತ್ತ ನೋಡಿದೆ. ಯಾರೂ ಇಲ್ಲ! ನಿಜ ಹೇಳುತ್ತೇನೆ, ಸಂತೋಷಕ್ಕೆ ಒಂದು ಸುತ್ತು ಗಿರ್ರನೆ ತಿರುಗಿದೆ.

ಆಮೇಲೆ ಒಲೆಗೆ ಸೌದೆ ಜೋಡಿಸಿ, ತಪ್ಪಲೆ ಏರಿಸಿ, ಬೆಂಕಿಗಾಗಿ ಬೂದಿ ಕೆದಕಿದೆ. ಬೂದಿಯೇ ಇರಲಿಲ್ಲ. ನಮ್ಮ ಮನೆಯ ಒಲೆ ಆರಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ. ಅಜ್ಜಿ ಕೆಂಡಕ್ಕೆ ಬೂದಿ ಮುಚ್ಚಿ ಮಲಗಿದರೆ ಬೆಳಗ್ಗೆ ಕೆದಕಿ ಊದುವುದಷ್ಟೇ ಕೆಲಸ. ಬೆಂಕಿ ಒಲೆಯಲ್ಲಿ ತಾನಾಗಿ ಇರುವ ವಸ್ತುವೆಂದೇ ನಾನು ನಂಬಿದ್ದೆ. ಪಟ್ಟಿಯಲ್ಲಿ ಬೆಂಕಿಪೊಟ್ಟಣ ಇರಲಿಲ್ಲ!

ಗೋಡೆಯಾಚೆಯಿಂದ ಪುಟ್ಟಮಲ್ಲಮ್ಮನ ದನಿ ಬಂತು. "ಬೆಂಕಿ ಬೇಕಾ ಮಗಾ?"

"ಬ್ಯಾಡಿ!"

ಆಣೆ ಇಟ್ಟು ಎರಡು ದಿನವೂ ಆಗಿರಲಿಲ್ಲ. ಬೀದಿಯ ಕೊನೆಯ ಅಂಗಡಿಗೆ ದಾಪುಗಾಲು ಹಾಕಿ, ಮುಂದೆಂದೂ ಈ ಅವಮಾನ ಬೇಡವೆಂದು ಒಂದು ಡಜನ್ ಬೆಂಕಿಪೊಟ್ಟಣ ತಂದೆ. "ಪಟಾಕಿ ಅಂಗಡಿ ಇಡ್ತೀರಾ ಅವ್ವಾರೇ?" ಎಂದ ಅಂಗಡಿಯವನು. ನಾನು ತಿರುಗಿಯೂ ನೋಡಲಿಲ್ಲ.

ಒಲೆ ಹತ್ತಿತು. ಇನ್ನು ನನ್ನನ್ನು ಹಿಡಿಯುವವರು ಯಾರು! ಮುದ್ದೆಗೆ ನನಗೆ ಗೊತ್ತಿದ್ದ ಅಳತೆ ಒಂದೇ. ನೀರು ತಪ್ಪಲೆಯ ಕುತ್ತಿಗೆ ಮುಟ್ಟಬೇಕು, ಹಿಟ್ಟು ನೀರಿನ ಮೇಲೆ ಗುಡ್ಡವಾಗಿ ನಿಲ್ಲಬೇಕು. ಕುತ್ತಿಗೆ ಮುಟ್ಟಿಸಿದೆ. ಗುಡ್ಡ ನಿಲ್ಲಿಸಿದೆ. ಸೆರಗು ಸಿಕ್ಕಿಸಿ ಕೋಲು ತಿರುವಿದೆ. ಕೈ ತನ್ನ ಪಾಡಿಗೆ ಮುದ್ದೆ ಕಟ್ಟುತ್ತಿತ್ತು, ಮನಸ್ಸು ತನ್ನ ಪಾಡಿಗೆ ಒಂಟಿ ಬಾಳಿನ ಸುಖ ಎಣಿಸುತ್ತಿತ್ತು. ಕೊನೆಗೆ ಬೆವರು ಒರೆಸಿಕೊಂಡು ನೋಡಿದರೆ, ಒದ್ದೆ ಮಾಡಿದ ಚಾಪೆಯ ಮೇಲೆ ಇಪ್ಪತ್ತೆರಡು ಮುದ್ದೆ ಸಾಲಾಗಿ ಕೂತು ನನ್ನನ್ನೇ ನೋಡುತ್ತಿದ್ದವು!

ಚೀಲದ ತಿಂಗಳ ಹಿಟ್ಟಿನಲ್ಲಿ ಮುಕ್ಕಾಲು ಮುಗಿದಿತ್ತು. ಸಾರು ಮಾತ್ರ ನಾನೆಂದೂ ಮಾಡಿದವಳಲ್ಲವಾದ್ದರಿಂದ ಹೆದರಿ ಹೆದರಿ ಒಬ್ಬಳಿಗಾಗುವಷ್ಟೇ ಮಾಡಿದ್ದೆ.

ಅಷ್ಟರಲ್ಲಿ ಪುಟ್ಟಮಲ್ಲಮ್ಮ ಬಾಗಿಲು ತಳ್ಳಿಕೊಂಡು ಒಳಗೆ ಬಂದಳು. ಕೆನ್ನೆಯ ಮೇಲೆ ಕೈಯಿಟ್ಟಳು.

"ಇದೇನ್ ಮಗಾ ಇದು! ಒಬ್ಳೇ ಇರೋದು ಅಂದಿದ್ದೆ?"

ಅಳತೆ ತಿಳಿಯದೆ ಮಾಡಿದೆ ಎಂದು ಒಪ್ಪಿಕೊಳ್ಳಬಹುದಿತ್ತು. ಒಪ್ಪಿಕೊಂಡಿದ್ದರೆ ಆ ಸುದ್ದಿ ನಾಳಿನ ಬಸ್ಸಿನ ಕಂಡಕ್ಟರನ ಬಾಯಲ್ಲಿ ಹನೂರು ದಾಟಿ ನಮ್ಮ ಜಗಲಿ ಸೇರುತ್ತಿತ್ತು. ನಾನು ಎದೆ ಸೆಟೆಸಿ ಹೇಳಿದೆ, "ಹೊಸ ಮನೆಗೆ ಒಕ್ಕಲು ಬಂದಿದ್ದೀನಲ್ಲ, ಅದ್ಕೇ ಬೀದಿಗೆಲ್ಲ ಒಕ್ಕಲೂಟ!"

"ಅಯ್ಯೋ ನನ್ ಚಿನ್ನ! ಮೊದಲೇ ಹೇಳ್ಬಾರ್ದಾ?" ಎಂದು ಆಕೆ ಬೀದಿಗೆ ಓಡಿದಳು. ಅರ್ಧ ಗಂಟೆಯಲ್ಲಿ ಒಂಟಿ ಬಾಳು ಮುಗಿಯಿತು. ಎದುರುಮನೆಯ ಶಂಕರಮ್ಮ ಬಂದಳು, ನೂಲಿನ ನಾಗಯ್ಯ ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದ, ಉಳಿದವರು ಹಿಂದೆಯೇ ಬಂದರು. ಮುದ್ದೆ ಇಪ್ಪತ್ತೆರಡು, ಸಾರು ಒಂದು ಸೌಟು! ಎಲ್ಲರೂ ನನ್ನ ಸಾರಿನ ಪಾತ್ರೆ ಬಗ್ಗಿ ನೋಡಿದರು. ಮರ್ಯಾದಸ್ತರು! ಎದ್ದು ಹೋಗಿ ಅವರವರ ಮನೆಯ ಸಾರನ್ನು ಅವರವರ ಪಾತ್ರೆ, ಚೊಂಬುಗಳಲ್ಲಿ ಹಿಡಿದು ತಂದರು. ಬರಿಗೈಯಲ್ಲಿ ಒಕ್ಕಲೂಟಕ್ಕೆ ಬರಬಾರದಲ್ಲ? ಊಟವಾದ ಮೇಲೆ ಅವನ್ನೆಲ್ಲ ತೊಳೆದು ನನ್ನ ಅಡುಗೆಮನೆಯ ಗೋಡೆಗೂಡಿನಲ್ಲೇ ಜೋಡಿಸಿದರು.

"ಇದ್ಯಾಕೆ? ತಕಂಡೋಗಿ!" ಎಂದು ಕಿರುಚಿದೆ.

"ಮುಯ್ಯಿ ಕಣ್ರಿ ಟೀಚರಮ್ಮ," ಎಂದಳು ಶಂಕರಮ್ಮ. "ಮುಯ್ಯಿನ ಯಾರಾದ್ರೂ ವಾಪಸ್ ತಕಂಡೋದಾರಾ?"

ನಾಗಯ್ಯ ಸುತ್ತ ಕಣ್ಣಾಡಿಸಿ, ಮನೆಗೆ ಹೋಗಿ, ಒಂದು ಮಣೆ ತಂದಿಟ್ಟ. ಪುಟ್ಟಮಲ್ಲಮ್ಮ ಒರಳನ್ನೇ ಉರುಳಿಸಿಕೊಂಡು ಬಂದಳು. ಅವ್ವ ಕೊಡುತ್ತೇನೆಂದಾಗ ಬೇಡವೆಂದಿದ್ದೆಲ್ಲ ಒಂದೊಂದಾಗಿ ನನ್ನ ಹೊಸಿಲು ದಾಟಿತು.

ಮರುದಿನ ಹಠ ತೊಟ್ಟು ಒಂದೇ ಒಂದು ಮುದ್ದೆಗೆ ನೀರಿಟ್ಟೆ. ಆ ತಪ್ಪಲೆಯ ತಳದಲ್ಲಿ ಅಷ್ಟು ಹಿಟ್ಟು ಕೋಲಿಗೇ ಸಿಗಲಿಲ್ಲ. ಒಂದು ಕಡೆ ಸೀದಿತು, ಇನ್ನೊಂದು ಕಡೆ ಹಸಿ ಉಳಿಯಿತು. ಅದನ್ನು ಹಿತ್ತಲಲ್ಲಿ ಕಟ್ಟಿದ್ದ ಪುಟ್ಟಮಲ್ಲಮ್ಮನ ಹಸುವಿಗೆ ಹಾಕಿದೆ. ಹಸು ಮೂಸಿ ನೋಡಿ, ಮುಖ ತಿರುಗಿಸಿತು!

ಸಂಜೆ ಶಂಕರಮ್ಮ ಹಿಟ್ಟಿನ ಮೊರ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಟೀಚರಮ್ಮ, ನಿನ್ನೆ ಮುದ್ದೆ ಬೆಣ್ಣೆ ಇದ್ದಂಗಿತ್ತು. ಬೆಳಗಿಂದ ಬಿಸಿನೀರಲ್ಲಿ ಗೂಡು ಕೆದಕಿ ಕೆದಕಿ ನನ್ ಕೈ ನೋಡಿ," ಎಂದು ಅಂಗೈ ಚಾಚಿದಳು. ಬೆರಳ ತುದಿಗಳು ಬೆಂದು ಬೆಳ್ಳಗೆ ಸುಕ್ಕಾಗಿದ್ದವು. "ಈ ಕೈಲಿ ಬಿಸಿ ಮುದ್ದೆ ಕಟ್ಟಾಕಾಯ್ತದಾ? ಹಿಟ್ಟು ನಮ್ದು, ಸಾರು ನಮ್ದು. ಒಸಿ ತಿರುವಿಕೊಡಿ."

ಆ ಕೈ ನೋಡಿ ನನಗೆ ಇಲ್ಲ ಎನ್ನಲಾಗಲಿಲ್ಲ. ಅವಳ ಹಿಂದೆ ಇನ್ನೂ ನಾಲ್ಕು ಮೊರಗಳು ಬಂದವು. ನೀರು ತಪ್ಪಲೆಯ ಕುತ್ತಿಗೆ ಮುಟ್ಟಿತು. ಅಂದಿನಿಂದ ಬೀದಿಯ ಮುದ್ದೆಯ ಖಾತೆ ನನ್ನದಾಯಿತು. ಶಾಲೆಯಿಂದ ಬಂದವಳು ಕೋಲು ಹಿಡಿಯುವುದು, ಎಲ್ಲರೂ ನನ್ನ ಅಡುಗೆಮನೆಯಲ್ಲೇ ಕೂತು ಉಣ್ಣುವುದು. ನಾನು ಸೋತಿದ್ದೆನೆಂದು ತಿಳಿಯಬೇಡಿ! ಬೇಯಿಸುವವಳು ಒಬ್ಬಳೇ ತಾನೆ? ಕರಾರಿನ ಅರ್ಧ ಭಾಗ ಊರ್ಜಿತದಲ್ಲಿತ್ತು.

ಹದಿನೈದು ದಿನ ಕಳೆದು ಆ ಭಾನುವಾರ ಬಂತು. ಇಷ್ಟು ಸಾಮಾನು ಅಪ್ಪ ಕಂಡರೆ ಯಳಂದೂರು ಖಂಡಿತ! ಮನೆಮನೆಗೆ ಹೋಗಿ ಕಾರಣ ಹೇಳಲು ನಾಚಿಕೆ. ಬೀದಿ ಏಳುವ ಮುಂಚೆ, ನಸುಕಿನಲ್ಲೇ ಎದ್ದು, ಚೊಂಬು ಚೊಂಬಿನವರ ಬಾಗಿಲಿಗೆ, ಪಾತ್ರೆ ಪಾತ್ರೆಯವರ ಬಾಗಿಲಿಗೆ, ಮಣೆ ನಾಗಯ್ಯನ ಬಾಗಿಲಿಗೆ ಸದ್ದಿಲ್ಲದೆ ಇಟ್ಟು ಬಂದೆ. ಒರಳನ್ನು ಉರುಳಿಸುವಷ್ಟರಲ್ಲಿ ಸೊಂಟ ಹಿಡಿಯಿತು. ಗುಡಿಸಿ ನೋಡಿದರೆ, ಬೆಂಕಿಪೊಟ್ಟಣ ಬಿಟ್ಟು ಹನ್ನೊಂದೇ ಸಾಮಾನು! ಸ್ವಾತಂತ್ರ್ಯ ಮತ್ತೆ ಬಂದಿತ್ತು.

ಅಪ್ಪ ಬಂದ. ಕೋಣೆ ನೋಡಿದ, ಗೂಡು ನೋಡಿದ, ಬಾಗಿಲ ಹಿಂದೆಯೂ ಇಣುಕಿದ. ಹನ್ನೊಂದು ಸಾಮಾನನ್ನೂ ಬೆರಳು ಮಡಚಿ ಎಣಿಸಿದ.

"ಪರವಾಗಿಲ್ಲ ಕಣವ್ವ ರತ್ನ," ಎಂದು ನೆಲದ ಮೇಲೆ ಕೂತ. "ಉಣ್ಣಾಕಿಕ್ಕು."

ಇಬ್ಬರಿಗಾಗುವಷ್ಟು ಮುದ್ದೆ ಮಾಡಿದ್ದೆ. ಹೇಗಾಗಿತ್ತೋ ನಿಮಗೆ ಗೊತ್ತೇ ಇದೆ. ಅಪ್ಪ ಮುರಿದ. ಒಳಗಿಂದ ಒಣ ಹಿಟ್ಟು ಉದುರಿತು. ಒಂದು ತುತ್ತು ನುಂಗಿ, ನೀರು ಕುಡಿದು, ನನ್ನ ಮುಖ ನೋಡಿದ. ಹತ್ತು ವರ್ಷ ನನ್ನ ಕೈ ಮುದ್ದೆ ಉಂಡವನು!

ಆಗಲೇ ಬೀದಿಯಲ್ಲಿ ಗಲಾಟೆ ಕೇಳಿಸಿತು. ಶಂಕರಮ್ಮ ಚೊಂಬು ಹಿಡಿದು ಒಳಗೆ ನುಗ್ಗಿದಳು. ಕಣ್ಣಲ್ಲಿ ನೀರು.

"ಟೀಚರಮ್ಮ, ನಾವೇನ್ ತಪ್ ಮಾಡುದ್ವಿ? ಮುಯ್ಯಿ ಚೊಂಬ ಬಾಗಿಲ್ಗೆ ಮಡಗಿ ಬಂದ್ಬುಟ್ಟಿದ್ದೀರಲ್ಲ! ನಮ್ ನಂಟೇ ಬ್ಯಾಡ್ವಾ?"

"ನನ್ ಮಣೆಗೆ ಏನಾಗಿತ್ತು ಅಂತೀನಿ?" ಎಂದ ನಾಗಯ್ಯ, ಮಣೆಯನ್ನು ಎದೆಗವಚಿಕೊಂಡು.

ಮುಯ್ಯಿ ಹಿಂದಿರುಗಿಸಿದರೆ ಸಂಬಂಧ ಕಡಿದುಕೊಂಡಂತೆ ಎಂಬುದು ನನಗೆ ತಿಳಿಯದ ವಿಷಯವಲ್ಲ. ಅವಸರದಲ್ಲಿ ಅದು ನೆನಪಿಗೇ ಬಂದಿರಲಿಲ್ಲ. ಒಬ್ಬರ ಹಿಂದೊಬ್ಬರು ಬಂದು ಪಾತ್ರೆಗಳನ್ನು ಗೂಡಿಗೆ ವಾಪಸ್ ಜೋಡಿಸಿದರು. ಕೊನೆಗೆ ಗುಡುಗುಡು ಸದ್ದು ಮಾಡುತ್ತ ಒರಳು ಬಂತು. ಅಪ್ಪ ಕಾಲು ಮಡಚಿ ಅದಕ್ಕೆ ದಾರಿ ಬಿಟ್ಟ.

"ಯಜಮಾನ್ರೇ," ಎಂದಳು ಪುಟ್ಟಮಲ್ಲಮ್ಮ ಏದುಸಿರು ಬಿಡುತ್ತ, "ನಿಮ್ ಮಗ್ಳು ಇಡೀ ಬೀದಿಗೆ ಅನ್ನ ಹಾಕೋ ತಾಯಿ. ಅವಳ ಮುದ್ದೆ ಉಂಡಿದ್ದೀರಾ?"

ಅಪ್ಪ ತನ್ನ ತಟ್ಟೆಯನ್ನು ನೋಡಿದ.

ನನಗೆ ಅಳು ಬಂತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. ಹೋಗುವುದಾದರೆ ನನ್ನ ಮುದ್ದೆಯ ಮಾನ ಉಳಿಸಿಯೇ ಹೋಗುತ್ತೇನೆ! "ಹಿಟ್ಟು ತನ್ನಿ!" ಎಂದು ಗುಡುಗಿದೆ. ಮೊರಗಳು ಬಂದವು. ನೀರು ಕುತ್ತಿಗೆ ಮುಟ್ಟಿತು, ಗುಡ್ಡ ನಿಂತಿತು, ಕೋಲು ತಿರುಗಿತು. ಎಲ್ಲರೂ ಸಾಲಾಗಿ ಕೂತರು. ಬೀದಿಯವರು ಇಪ್ಪತ್ತು ಮಂದಿ, ಅಪ್ಪ, ನಾನು. ಅಪ್ಪ ನಾಗಯ್ಯನ ಮಣೆಯ ಮೇಲೆ ಕೂತು, ಶಂಕರಮ್ಮನ ಸಾರಿನಲ್ಲಿ ಎರಡು ಮುದ್ದೆ ಉಂಡು, ಕೈ ತೊಳೆದ.

ನಾನು ಪೆಟ್ಟಿಗೆಯ ಮುಂದೆ ಅಡ್ಡ ನಿಂತೆ. "ನಾನು ಕಟ್ಟಾಕಿಲ್ಲ! ಎಳೆದ್ರೂ ಬರಾಕಿಲ್ಲ!"

"ಕಟ್ಬ್ಯಾಡ," ಎಂದ ಅಪ್ಪ. "ಇಲ್ಲೇ ಇರು. ಯಳಂದೂರಿಗೆ ನಾನೇ ಹೇಳಿ ಕಳಿಸ್ತೀನಿ."

ನನ್ನ ಕಿವಿಯನ್ನೇ ನಂಬಲಾಗಲಿಲ್ಲ. "ನೋಡ್ದ್ಯಾ! ನಾನು ಗೆದ್ದೆ!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. "ಒಬ್ಳೇ ಇರಾಕಾಯ್ತದೆ ಅಂತ ಒಪ್ಕಂಡ್ಯಾ?"

ಅಪ್ಪ ಟವೆಲ್ಲಿನಿಂದ ಮೀಸೆ ಒರೆಸಿಕೊಂಡು, ಸಾಲಾಗಿ ಕೂತಿದ್ದವರನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಎಣಿಸಿದ.

"ಅದಲ್ಲ ಕಣವ್ವ. ಪಾಪ, ಕೆಂಪನಂಜಪ್ಪನ ಮನೇಲಿ ನಾಕೇ ಜನ. ನೀನು ಅಲ್ಲಿಗೋದ್ರೆ ನಾಕು ಜನವೂ ಉಪವಾಸ ಬೀಳ್ತರೆ!"