ಇಲ್ಲ ಎನ್ನಲು ಬಾರದ ಬಾಗಿಲು

ವೆಬ್‌ಸೈಟುಗಳಿಗೆ ಬಾಗಿಲು ಕಾಯುವ ಪ್ರೋಗ್ರಾಂ ಬರೆದು ಹೊಟ್ಟೆ ಹೊರೆಯುವ ನನ್ನಂಥವಳು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಒಳಗೆ ಬಿಡಲಿಲ್ಲ ಎಂದು ಜಗಳಕ್ಕೆ ಬರುವವರೇ ಅದನ್ನೂ ಜೊತೆಗೆ ತರುತ್ತಾರೆ. ಆದರೆ ಒಂದು ಸಲ ಇಂಥ ಜಗಳದ ನಡುವೆ ಒಬ್ಬ ಹುಡುಗಿಯ ತಲೆಯ ಮೇಲಿನ ಸೂರೇ ಸಿಕ್ಕಿಕೊಂಡಿತ್ತು. ಅದನ್ನು ನೆನೆದಾಗ ನಗು ಸ್ವಲ್ಪ ತಡೆದೇ ಬರುತ್ತದೆ.

ಅಮ್ಮನ ಅನುಮಾನ

"ನೀನು ಆಫೀಸಲ್ಲಿ ಮಾಡೋದಾದ್ರೂ ಏನೇ?" ಎಂದು ಮಲ್ಲೇಶ್ವರದ ನಮ್ಮ ಮನೆಯಲ್ಲಿ ಹುರುಳಿಕಾಯಿಯ ನಾರು ತೆಗೆಯುತ್ತಾ ಅಮ್ಮ ಕೇಳಿದಳು.

"ವೆಬ್‌ಸೈಟಿಗೆ ಲಾಗಿನ್ ಆದೋರಿಗೆ ಒಂದು ಟೋಕನ್ ಕೊಡ್ತೀವಿ ಅಮ್ಮ. ಕಣ್ಣಿಗೆ ಕಾಣದ ಚೀಟಿ ಅಂದ್ಕೋ. ಅವರು ಯಾವ ಪುಟ ಕೇಳಿದ್ರೂ ನನ್ನ ಪ್ರೋಗ್ರಾಂ ಮಧ್ಯೆ ನಿಂತು ಆ ಚೀಟಿ ನೋಡುತ್ತೆ. ಅಸಲಿಯಾ, ಅವಧಿ ಮುಗಿದಿದೆಯಾ, ಈ ಕೋಣೆಗೆ ಇವರನ್ನ ಬಿಡಬಹುದಾ ಅಂತ. ಸರಿಯಿಲ್ಲ ಅಂದ್ರೆ ಬಾಗಿಲಿಂದಲೇ ವಾಪಸ್."

"ಅಂದ್ರೆ ಬೆಳಗಿಂದ ಸಂಜೆವರೆಗೂ ಬಂದೋರಿಗೆಲ್ಲ ಇಲ್ಲ ಅನ್ನೋ ಕೆಲಸ."

ನಮ್ಮ ಮನೆಯಲ್ಲಿ ಬಳೆ ಒಡೆದರೂ 'ಹೆಚ್ಚಿತು' ಎನ್ನಬೇಕು. ಹೊರಟವರು 'ಹೋಗ್ತೀನಿ' ಎನ್ನುವ ಹಾಗಿಲ್ಲ, 'ಹೋಗಿ ಬರ್ತೀನಿ' ಎನ್ನಬೇಕು. ಹೀಗೆ ಬೆಳೆಸಿದ ಮಗಳು ಎಂಥ ಕೆಲಸಕ್ಕೆ ಸೇರಿದಳಲ್ಲ ಎಂದು ಅಮ್ಮ ಇನ್ನೊಂದು ಹುರುಳಿಕಾಯಿ ಮುರಿದಳು. ಆಮೇಲೆ ಹೇಳಿದಳು: "ಇದಕ್ಕೆ ಸಂಬಳ ಕೊಡ್ತಾರೆ ಅಂತ ಗೊತ್ತಿದ್ರೆ ನಿನ್ನ ಸೋದರತ್ತೇನ ಯಾವತ್ತೋ ಕಳಿಸಬಹುದಿತ್ತು."

ಸೌಜನ್ಯದ ಸಂದೇಶ

ಚಾಮರಾಜಪೇಟೆಯ ಒಂದು ಹಳೆಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ವೆಬ್‌ಸೈಟ್ ಮಾಡಿಕೊಡುವ ಕೆಲಸ ನಮಗೆ ಬಂತು. ಅದರ ಕಾರ್ಯದರ್ಶಿಗಳು ಬಸವನಗುಡಿಯ ಹಿರಿಯರು, ನಿವೃತ್ತ ಮೇಷ್ಟ್ರು. ಜೀವಮಾನದಲ್ಲಿ ಯಾರಿಗೂ ಇಲ್ಲ ಎಂದವರಲ್ಲ. ಸೀಟು ಇದ್ದರೂ 'ನೋಡೋಣ', ಇಲ್ಲದಿದ್ದರೂ 'ನೋಡೋಣ'. ಬಂದವರು ಖುಷಿಯಾಗಿಯೇ ಹೋಗುತ್ತಿದ್ದರು.

ಲೆಕ್ಕದ ಪುಟ ಖಜಾಂಚಿಗೆ ಮಾತ್ರ, ಅರ್ಜಿಗಳ ಪುಟ ಕಾರ್ಯದರ್ಶಿಗೆ ಮಾತ್ರ ಎಂದು ಕಮಿಟಿಯವರೇ ನಿರ್ಧರಿಸಿದ್ದರು. ಮೊದಲ ದಿನವೇ ಕಾರ್ಯದರ್ಶಿಗಳು ಕುತೂಹಲಕ್ಕೆ ಲೆಕ್ಕದ ಪುಟ ಒತ್ತಿದರು. 'ನಿಮಗೆ ಇಲ್ಲಿ ಪ್ರವೇಶವಿಲ್ಲ' ಎಂದು ಬಂತು. ತಕ್ಷಣ ಫೋನ್.

"ಬಿಡೋದು ಬೇಡಮ್ಮಾ, ನಿಯಮ ನಿಯಮವೇ. ಆದ್ರೆ ಹೀಗಾ ಹೇಳೋದು? ಮನೆ ಬಾಗಿಲಿಗೆ ಬಂದೋರಿಗೆ ಯಾರಾದ್ರೂ ಹೀಗಂತಾರಾ?"

ಅವರೇ ಹೇಳಿ ಬರೆಸಿದ ಸಂದೇಶವನ್ನು ಹಾಕಿದೆ: 'ತಾವು ಬಂದದ್ದು ಸಂತೋಷ. ಸ್ವಲ್ಪ ಹೊತ್ತು ಬಿಟ್ಟು ದಯಮಾಡಿಸಿ.'

ಮರುದಿನ ಖಜಾಂಚಿಗಳು ಅರ್ಜಿಗಳ ಪುಟ ಒತ್ತಿದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಒತ್ತಿದರು. ಮಧ್ಯಾಹ್ನದವರೆಗೂ ಒತ್ತಿ, ಆಟೋ ಹಿಡಿದು ನಮ್ಮ ಆಫೀಸಿನ ಮೆಟ್ಟಿಲು ಹತ್ತಿ ಬಂದೇ ಬಿಟ್ಟರು. "ಬೆಳಗಿಂದ ದಯಮಾಡಿಸ್ತಾನೇ ಇದೀನಿ ಕಣಮ್ಮಾ. ಒಳಗೆ ಯಾವಾಗ ಕರೀತೀರಿ?"

ಹುಡುಗಿಯ ಫೋನ್

ವೆಬ್‌ಸೈಟಿನಲ್ಲಿ ಸಹಾಯಕ್ಕೆಂದು ನಮ್ಮ ಆಫೀಸಿನ ನಂಬರ್ ಇತ್ತು. ಒಂದು ದಿನ ಒಬ್ಬ ಹುಡುಗಿ ಫೋನ್ ಮಾಡಿದಳು. ಡಿಗ್ರಿಗೆ ಹೊಸದಾಗಿ ಸೇರಿದ್ದಳು.

"ಮೇಡಂ, ಓಕಳಿಪುರಂನಲ್ಲಿ ಚಿಕ್ಕಮ್ಮನ ಮನೇಲಿದೀನಿ. ಇರೋದೇ ಒಂದು ರೂಮು, ನಾನು ಮಲಗಿದ್ರೆ ಚಿಕ್ಕಪ್ಪ ಹೊರಗೆ ಮಲಗ್ಬೇಕು. ಫ್ರೆಂಡ್ ಒಬ್ಳು ಪಿ.ಜಿ.ಲಿ ನನಗೆ ಅಂತ ಬೆಡ್ ಹಿಡಿದಿಟ್ಟಿದಾಳೆ, ಭಾನುವಾರದವರೆಗೆ ಮಾತ್ರ. ನಿಮ್ಮ ಹಾಸ್ಟೆಲ್ ಸಿಗುತ್ತಾ ಇಲ್ವಾ ಅಷ್ಟೇ ಹೇಳಿ. ಅರ್ಜಿ ಮುಂದೆ 'ನೋಡೋಣ' ಅಂತ ಇದೆ."

ಅರ್ಜಿಗಳ ಪುಟಕ್ಕೆ ನನಗೂ ಪ್ರವೇಶವಿರಲಿಲ್ಲ. ಬರೆದವಳು ನಾನೇ ಆದರೂ ಬಾಗಿಲು ಬಾಗಿಲೇ. ಕಾರ್ಯದರ್ಶಿಗಳಿಗೆ ಫೋನ್ ಮಾಡಿದೆ.

"ಎಲ್ಲ ತುಂಬಿ ಹೋಗಿದೆಯಮ್ಮಾ," ಎಂದರು. "ಆದ್ರೆ ಮಗು ಅಷ್ಟು ಆಸೆ ಇಟ್ಕೊಂಡಿದೆ, ಬಾಯಿಬಿಟ್ಟು ಹೇಗೆ ಹೇಳಲಿ?"

ನನಗೆ ಕೋಪವೂ ಬಂತು, ಸಂಕಟವೂ ಆಯಿತು. ಒಬ್ಬರ ಒಳ್ಳೆಯತನ ಇನ್ನೊಬ್ಬರನ್ನು ಬೀದಿಗೆ ತರಬಹುದು ಎಂದು ಅಲ್ಲಿಯವರೆಗೆ ನಾನು ಯೋಚಿಸಿರಲಿಲ್ಲ. ಬಾಗಿಲು ಮುಚ್ಚಿದ್ದರೆ ಬೇರೆ ದಾರಿ ಹುಡುಕಬಹುದು. ಅರ್ಧ ತೆರೆದಂತೆ ಕಾಣುವ ಬಾಗಿಲ ಮುಂದೆ ಜನ ನಿಂತೇ ಇರುತ್ತಾರೆ.

"ಹಾಗಾದ್ರೆ ಅವಳಿಗೆ ನಾನೇನು ಹೇಳಲಿ ಸರ್?"

ಅವರು ಬಹಳ ಹೊತ್ತು ಯೋಚಿಸಿ ಹೇಳಿದರು: "ನೋಡೋಣ ಅನ್ನಿ."

ಅರ್ಧ ಗಂಟೆಯ ಆಯಸ್ಸು

ಎದುರುಬದುರು ಕೂತು ಮಾತಾಡಿದರೆ ಒಪ್ಪಿಯಾರು ಎಂದು ಶನಿವಾರ ಬೆಳಿಗ್ಗೆ ಬಸವನಗುಡಿಯ ಅವರ ಮನೆಗೆ ಹೋದೆ. ಅವರು ಪೂಜೆಗೆ ಕೂತಿದ್ದರು. ಕಂಪ್ಯೂಟರಿನ ಮುಂದೆ ಅವರ ಹೆಂಡತಿ, ಒಂದು ಕೈಯಲ್ಲಿ ಕಾಫಿ ಲೋಟ, ಇನ್ನೊಂದರಲ್ಲಿ ಮೌಸ್.

ಅರ್ಧ ಗಂಟೆ ಯಾರೂ ಮುಟ್ಟದಿದ್ದರೆ ಟೋಕನ್ ಸಾಯುವಂತೆ ಮಾಡಿದ್ದೆ. ಅದರ ಬಗ್ಗೆ ಕಾರ್ಯದರ್ಶಿಗಳದು ಹಳೆಯ ದೂರು. "ಪೂಜೆ ಮುಗಿಸಿ ಬರೋಷ್ಟರಲ್ಲಿ ನೀವ್ಯಾರು ಅಂತ ಕೇಳುತ್ತಲ್ಲಮ್ಮಾ! ನಮ್ಮ ಬೀದಿ ನಾಯಿಗೂ ನನ್ನ ಗುರುತಿದೆ." ನಾನು ಜಪ್ಪಯ್ಯ ಅಂದರೂ ಬದಲಾಯಿಸಿರಲಿಲ್ಲ. ಅದಕ್ಕೆ ಅವರು ಕಂಡುಕೊಂಡ ಉಪಾಯ ಇದು.

"ಏನು ಮಾಡೋದಮ್ಮಾ," ಎಂದರು ಆಕೆ, ಮೌಸನ್ನು ಆಚೆ ಈಚೆ ಆಡಿಸುತ್ತಾ. "ಒಳಗೆ ಅವರು ಗಂಟೆ ಅಲ್ಲಾಡಿಸ್ತಾರೆ, ಇಲ್ಲಿ ನಾನು ಇದನ್ನ."

ಪೂಜೆ ಮುಗಿಸಿ ಬಂದವರು ನನ್ನ ಮಾತನ್ನೆಲ್ಲ ತಲೆಯಾಡಿಸಿ ಕೇಳಿದರು. ಹುಡುಗಿಗೆ ಉತ್ತರ ಮಾತ್ರ ಹೋಗಲಿಲ್ಲ.

ಇಲ್ಲ ಅಂದವರು ಯಾರು?

ಭಾನುವಾರ ಹನ್ನೊಂದರ ಹೊತ್ತಿಗೆ ಅವರದೇ ಫೋನ್. "ಯಾರೋ ನನ್ನ ಹೆಸರಲ್ಲಿ ಒಳಗೆ ನುಗ್ಗಿದಾರಮ್ಮಾ, ಬೇಗ ಬನ್ನಿ."

ಹೋಗಿ ನೋಡಿದೆ. ಆ ಹುಡುಗಿಯ ಅರ್ಜಿಗೆ ಬೆಳಿಗ್ಗೆ ಉತ್ತರ ಹೋಗಿತ್ತು: 'ಸೀಟು ಇಲ್ಲ. ಕಾಯಬೇಡ ಮಗಳೇ, ಬೇರೆ ಕಡೆ ಸೇರ್ಕೋ.' ಟೋಕನ್ ಅಸಲಿ, ಅವಧಿ ಮುಗಿದಿಲ್ಲ, ಆ ಪುಟಕ್ಕೆ ಅಧಿಕಾರವಿದೆ, ಉತ್ತರ ಹೊರಟದ್ದೂ ಇದೇ ಮನೆಯ ಕಂಪ್ಯೂಟರಿನಿಂದ. ನನ್ನ ಪ್ರೋಗ್ರಾಂ ಚೀಟಿ ನೋಡುತ್ತದೆ. ಚೀಟಿ ಯಾರ ಕೈಯಲ್ಲಿದೆ ಎಂದು ನೋಡಲು ಅದಕ್ಕೆ ಕಣ್ಣಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಆಕೆ ಹೊರಗೆ ಬಂದರು. "ನಾನೇ ಬರೆದಿದ್ದು. ಮದುವೆಯಾದಾಗಿಂದ ಅಡುಗೆಮನೆಗೆ ಇನ್ನೊಂದು ಕಿಟಕಿ ಇಡಿಸಿ ಅಂತ ಕೇಳ್ತಿದೀನಿ. ಇವತ್ತಿಗೂ ನೋಡೋಣ. ನಾನಾದ್ರೆ ಹೊಗೇಲೇ ಅಭ್ಯಾಸ ಮಾಡ್ಕೊಂಡೆ. ಆ ಮಗು ಎಲ್ಲಿ ಮಲಗಬೇಕು?"

ನಿಯಮದ ಪ್ರಕಾರ ಅದು ತಪ್ಪು, ಹಾಗೆಂದು ಹೇಳಬೇಕಾದವಳೂ ನಾನೇ. ಆದರೆ ಆಕೆಯ ಕೈ ಹಿಡಿದು ಥ್ಯಾಂಕ್ಸ್ ಹೇಳೋಣ ಅನ್ನಿಸಿತು.

ಕಾರ್ಯದರ್ಶಿಗಳ ಮುಖ ಬಾಡಿಹೋಯಿತು. "ನನ್ನ ಹೆಸರಲ್ಲಿ ಇಲ್ಲ ಅಂತ ಹೋಯ್ತಲ್ಲ! ಎಷ್ಟು ನೊಂದ್ಕೊಂಡಿದೆಯೋ ಪಾಪ." ನಾವು ಬೇಡವೆಂದರೂ ಕೇಳದೆ ಹುಡುಗಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿದರು.

"ನೋಡಮ್ಮಾ, ಹಾಸ್ಟೆಲ್ ಕಾರ್ಯದರ್ಶಿ ಮಾತಾಡ್ತಿರೋದು. ಮನಸ್ಸಿಗೆ ಹಚ್ಕೋಬೇಡ. ಅದು ಏನೋ ಎಡವಟ್ಟಾಗಿ ಬಂದಿರೋ ಉತ್ತರ. ಈಗಲೇ ಅದನ್ನ ವಾಪಸ್ ತಗೊಂಡು, ಪರಿಶೀಲನೆಯಲ್ಲಿದೆ ಅಂತ ಹಾಕಿಸ್ತೀನಿ."

"ಅಯ್ಯೋ ಬೇಡ ಸಾರ್!" ಹುಡುಗಿ ಕಿರುಚಿದಳು. ಹಿಂದೆ ಯಾವುದೋ ಆಟೋದ ಸದ್ದು. "ನಿಮ್ಮ ಕಾಲಿಗೆ ಬೀಳ್ತೀನಿ, ಇಲ್ಲ ಅಂತಲೇ ಇರಲಿ! ಪಿ.ಜಿ.ಲಿ ಈಗಷ್ಟೇ ಸಾಮಾನು ಇಳಿಸ್ತಾ ಇದೀನಿ!"